ಗಾಜಿನ ಗೂಡಿನ ಅಳತೆ, ಕಾಡಿನ ಅಳತೆ

ಸಾಕುವ ಹಲ್ಲಿಗೆ ಎಷ್ಟು ದೊಡ್ಡ ಗಾಜಿನ ಗೂಡು ಬೇಕು? ಮಲೆನಾಡಿನ ಅಜ್ಜಿಯೊಬ್ಬಳ ಮುಂದೆ ಈ ಪ್ರಶ್ನೆಯನ್ನಿಟ್ಟರೆ ಆಕೆ ಮೊದಲು ನಗುತ್ತಾಳೆ. ಆಮೇಲೆ ಮಾಡಿನ ಪಕಾಸಿಯತ್ತ ಬೆರಳು ತೋರಿಸುತ್ತಾಳೆ. ಆಕೆಯ ಮನೆಯಲ್ಲಿ ಹಲ್ಲಿಯನ್ನು ಯಾರೂ ಸಾಕಿದ್ದಿಲ್ಲ, ಯಾರೂ ಹೊರಗಟ್ಟಿದ್ದೂ ಇಲ್ಲ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವುದುಂಟು. ಮಾತಿನ ನಡುವೆ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ನಂಬುವುದುಂಟು. ಅದಕ್ಕೊಂದು ಮನೆ ಕಟ್ಟಿಕೊಡಬೇಕೆಂಬ ಯೋಚನೆ ಮಾತ್ರ ಆ ಮನೆಯಲ್ಲಿ ಹುಟ್ಟಿಯೇ ಇಲ್ಲ.

ನಗರಗಳಲ್ಲಿ ಇಂದು ಇದು ನಗುವ ಪ್ರಶ್ನೆಯಾಗಿ ಉಳಿದಿಲ್ಲ. ಮೀನಿನ ತೊಟ್ಟಿ, ಗಿಳಿಯ ಪಂಜರಗಳ ಸಾಲಿನಲ್ಲಿ ಈಗ ಹಲ್ಲಿಯ ಗಾಜಿನ ಗೂಡೂ ಬಂದು ಕುಳಿತಿದೆ. ಅದಕ್ಕೆ ‘ಟೆರೇರಿಯಂ’ ಎಂಬ ಹೆಸರಿದೆ; ಒಳಗೆ ಮರಳು, ಪಾಚಿ, ಒಣಕೊಂಬೆ, ಮೇಲೆ ದೀಪ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೂ ಬಹುಪಾಲು ಕೊನೆಯ ಪ್ರಶ್ನೆಯೂ ಒಂದೇ: ಯಾವ ಅಳತೆಯದು ಸರಿ? ಈ ಪ್ರಶ್ನೆಗೆ ಸರಿಯಾದ ಉತ್ತರವಿದೆ. ಆ ಉತ್ತರ ಎಷ್ಟೇ ಸರಿಯಿದ್ದರೂ ಅದರ ಹಿಂದೆ ಒಂದು ದೊಡ್ಡ ತಪ್ಪು ಅಡಗಿ ಕುಳಿತಿರಬಹುದು ಎಂಬುದು ಈ ಲೇಖನದ ವಾದ.

ಅಳತೆಯ ಲೆಕ್ಕ

ಮೊದಲು ಪ್ರಶ್ನೆಗೆ ನ್ಯಾಯವಾಗಿಯೇ ಉತ್ತರ ಕೊಡೋಣ. ಸಾಕುಹಲ್ಲಿಗಳ ಪೈಕಿ ಲೋಕದಲ್ಲೆಲ್ಲ ಹೆಚ್ಚು ಪ್ರಚಾರದಲ್ಲಿರುವುದು ಚಿರತೆಹಲ್ಲಿ. ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರ್ ಉದ್ದದ, ನೆಲದ ಮೇಲೆ ಓಡಾಡುವ ಪ್ರಾಣಿ ಇದು. ಇದಕ್ಕೆ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ಒಂದು ಕಾಲದಲ್ಲಿ ಮುಕ್ಕಾಲು ಮೀಟರ್ ಉದ್ದ, 30 ಸೆಂ.ಮೀ. ಅಗಲದ ಪೆಟ್ಟಿಗೆ ಸಾಕೆನ್ನುತ್ತಿದ್ದರು. ಈಗ ಅನುಭವಿಗಳು ಕನಿಷ್ಠ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಬೇಕೆನ್ನುತ್ತಾರೆ. ನ್ಯೂ ಕ್ಯಾಲಿಡೋನಿಯಾದ ಜುಟ್ಟುಹಲ್ಲಿ ಮರವಾಸಿ. ಅದಕ್ಕೆ 45 ಸೆಂ.ಮೀ. ಚದರದ ನೆಲ ಮತ್ತು 60 ಸೆಂ.ಮೀ. ಎತ್ತರ. ಹಗಲಿನಲ್ಲಿ ಸಂಚರಿಸುವ ಪುಟ್ಟ ಕುಬ್ಜಹಲ್ಲಿಗಳಿಗೆ 30 ಸೆಂ.ಮೀ. ಚದರದ ನೆಲ, 45 ಸೆಂ.ಮೀ. ಎತ್ತರ.

ಈ ಅಂಕಿಗಳ ಹಿಂದೆ ಕಾರಣಗಳಿವೆ. ಹಲ್ಲಿ ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುವ ಜೀವಿಯಲ್ಲ. ಬಿಸಿ ಬೇಕಾದಾಗ ಬಿಸಿಯ ಕಡೆಗೆ, ತಂಪು ಬೇಕಾದಾಗ ತಂಪಿನ ಕಡೆಗೆ ಸರಿದು ಅದು ಬದುಕುತ್ತದೆ. ಆದ್ದರಿಂದ ಗೂಡಿನ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಇದು ಸಾಧ್ಯವಾಗದು. ದೀಪ ಹೊತ್ತಿಸಿದೊಡನೆ ಇಡೀ ಪೆಟ್ಟಿಗೆಯೇ ಕಾಯುತ್ತದೆ, ಆರಿಸಿದೊಡನೆ ಇಡೀ ಪೆಟ್ಟಿಗೆಯೇ ತಣಿಯುತ್ತದೆ. ಗಾಳಿಯಾಡದ ಸಣ್ಣ ಪಾಲಿಹೌಸಿನಲ್ಲಿ ಸಸಿ ಬೆಳೆಸಲು ಹೋಗಿ ಬೇಯಿಸಿ ಕೂತ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗೂಡಿನ ಪ್ರತಿಯೊಂದು ಬದಿಯನ್ನು ಎರಡು ಪಟ್ಟು ಮಾಡಿದರೆ ಒಳಗಿನ ಗಾಳಿ ಎಂಟು ಪಟ್ಟಾಗುತ್ತದೆ. ತಾಪವೂ ತೇವವೂ ನಿಧಾನವಾಗಿ ಬದಲಾಗುತ್ತವೆ. ಪ್ರಾಣಿಗೆ ಸರಿದುಕೊಳ್ಳಲು ಸಮಯ ಸಿಗುತ್ತದೆ.

‘ಸಣ್ಣ ಗೂಡಿನಲ್ಲಿಟ್ಟರೆ ಹಲ್ಲಿಯೂ ಸಣ್ಣದಾಗಿಯೇ ಉಳಿಯುತ್ತದೆ’ ಎಂಬ ಮಾತೊಂದು ಪ್ರಚಾರದಲ್ಲಿದೆ. ಇದು ಶುದ್ಧ ಸುಳ್ಳು. ಬೆಳವಣಿಗೆ ಕುಂಠಿತವಾದ ಹಲ್ಲಿ ಗೂಡಿಗೆ ಹೊಂದಿಕೊಂಡ ಹಲ್ಲಿಯಲ್ಲ, ಸೊರಗಿದ ಹಲ್ಲಿ. ಸುಣ್ಣದಂಶ ಸಾಲದೆ, ಸರಿಯಾದ ಬೆಳಕು ಸಾಲದೆ ಮೂಳೆ ಮೆತ್ತಗಾಗಿ ಬಾಗಿದ ಹಲ್ಲಿಗಳು ಪಶುವೈದ್ಯರಿಗೆ ಪರಿಚಿತ. ಕೊಟ್ಟಿಗೆ ಇಕ್ಕಟ್ಟಾದರೆ ಕರು ಚಿಕ್ಕ ತಳಿಯದಾಗುವುದಿಲ್ಲ, ಬಡಕಲಾಗುತ್ತದೆ.

ಹೀಗೆ, ಗೂಡು ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂಬ ಮಾತಿಗೆ ಯಾರ ತಕರಾರೂ ಇರಬೇಕಿಲ್ಲ. ತಕರಾರು ಇರುವುದು ಅಳತೆ ಶುರುವಾಗುವ ಜಾಗದ ಬಗ್ಗೆ. ಗಾಜಿನಿಂದ ಹಲ್ಲಿಯವರೆಗಿನ ದೂರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವವರು ಹಲ್ಲಿಯಿಂದ ಅದರ ಕಾಡಿನವರೆಗಿನ ದೂರವನ್ನು ಅಳೆಯುವುದೇ ಇಲ್ಲ. ಆ ಅಳತೆಯನ್ನು ಒಮ್ಮೆಯಾದರೂ ಮಾಡಿ ನೋಡಲು ಪೂರ್ವ ಆಫ್ರಿಕದ ಒಂದು ಕಾಡಿಗೆ ಹೋಗಬೇಕು.

ಕಿಂಬೋಜಾದ ನೀಲಿ ಹಲ್ಲಿ

ಟಾಂಜಾನಿಯಾದ ಮೊರೊಗೊರೊ ಪ್ರಾಂತ್ಯದಲ್ಲಿ ಉಲುಗುರು ಎಂಬ ಪರ್ವತಶ್ರೇಣಿಯಿದೆ. ಅದರ ಪೂರ್ವದ ತಪ್ಪಲಿನಲ್ಲಿ, ಸುಣ್ಣಕಲ್ಲಿನ ನೆಲದ ಮೇಲೆ ಕಿಂಬೋಜಾ ಎಂಬ ಕಾಡು ಉಳಿದುಕೊಂಡಿದೆ. ಅದರ ವಿಸ್ತೀರ್ಣ ಸುಮಾರು 400 ಹೆಕ್ಟೇರ್. ಅಂದರೆ ಸಾವಿರ ಎಕರೆಗೂ ತುಸು ಕಡಿಮೆ. ಮಲೆನಾಡಿನ ಲೆಕ್ಕದಲ್ಲಿ ಒಂದು ದೊಡ್ಡ ಗ್ರಾಮದ ವ್ಯಾಪ್ತಿ. ಈ ಕಾಡಿನಲ್ಲಿಯೂ ಸುತ್ತಲಿನ ಕೆಲವೇ ತುಣುಕು ಕಾಡುಗಳಲ್ಲಿಯೂ ಬಿಟ್ಟರೆ ಲೋಕದ ಬೇರೆಲ್ಲಿಯೂ ಕಾಣದ ಒಂದು ಹಲ್ಲಿ ಅಲ್ಲಿದೆ. 1952ರಲ್ಲಿ ವಿಜ್ಞಾನ ಅದಕ್ಕೆ ಲೈಗೊಡ್ಯಾಕ್ಟೈಲಸ್ ವಿಲಿಯಂಸಿ ಎಂದು ಹೆಸರಿಟ್ಟಿತು. ಬಾಲವೂ ಸೇರಿ ಗೇಣಿನ ಅರ್ಧದಷ್ಟು ಉದ್ದ. ಗಂಡಿನ ಮೈ ಹೊಳೆಯುವ ನೀಲಿ, ಗಂಟಲು ಕಪ್ಪು. ಹೆಣ್ಣು ಕಂಚಿನಿಂದ ಹಸಿರಿನವರೆಗಿನ ಬಣ್ಣದ್ದು. ಇದರ ವಾಸ ಕೇದಗೆಯ ಸಂಬಂಧಿಯಾದ ಒಂದು ಮರದಲ್ಲಿ. ಮುಳ್ಳಂಚಿನ ಉದ್ದನೆಯ ಎಲೆಗಳು ಕಾಂಡಕ್ಕೆ ಸೇರುವ ಸಂದಿನಲ್ಲಿ ಇದು ಅಡಗುತ್ತದೆ. ಒಂದು ಮರದ ನೆತ್ತಿಯಲ್ಲಿ ಒಂದು ಗಂಡು, ಒಂದೆರಡು ಹೆಣ್ಣು, ಕೆಲವು ಮರಿಗಳು. ಅದೇ ಅದರ ಸಂಸಾರ. ಹಳ್ಳದ ದಂಡೆಯ ಕೇದಗೆಯ ಮೆಳೆಗೆ ಕೈಹಾಕಿ ತರಚಿಸಿಕೊಂಡವರಿಗೆ ಈ ಮನೆಯ ಭದ್ರತೆ ಎಷ್ಟೆಂಬುದು ಗೊತ್ತಿದೆ.

ಆ ಭದ್ರತೆಯನ್ನು ಒಡೆಯಲು ಹಲ್ಲಿ ಹಿಡಿಯುವವರು ಕಂಡುಕೊಂಡ ದಾರಿ ಸರಳವಾಗಿತ್ತು: ಮರವನ್ನೇ ಕಡಿದುರುಳಿಸುವುದು. ನೆತ್ತಿ ನೆಲಕ್ಕೆ ಬಂದ ಮೇಲೆ ಹಲ್ಲಿಯನ್ನು ಆರಿಸಿಕೊಳ್ಳುವುದು ಕಷ್ಟವಲ್ಲ. ಕಿಂಬೋಜಾ ಸಂರಕ್ಷಿತ ಅರಣ್ಯ. ಹೀಗೆ ಹಿಡಿಯಲು ಅಲ್ಲಿ ಯಾರಿಗೂ ಹಕ್ಕಿರಲಿಲ್ಲ. ಆದರೂ 2004ರ ಡಿಸೆಂಬರಿನಿಂದ 2009ರ ಜುಲೈವರೆಗೆ, ಐದು ವರ್ಷಗಳೂ ತುಂಬದ ಅವಧಿಯಲ್ಲಿ, ಒಂದೇ ಒಂದು ಸಂಗ್ರಹಕಾರರ ಗುಂಪು ಅಲ್ಲಿಂದ ಕನಿಷ್ಠ 32,310, ಗರಿಷ್ಠ 42,610 ಹಲ್ಲಿಗಳನ್ನು ಸಾಗಿಸಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅಂದಿನ ಒಟ್ಟು ಸಂಖ್ಯೆಯ ಸುಮಾರು ಶೇಕಡಾ 15ರಷ್ಟು ಅದು. ಹಲ್ಲಿಗಳು ಹೋದದ್ದು ಯುರೋಪು, ಅಮೆರಿಕ ಮೊದಲಾದ ಕಡೆಯ ಸಾಕುಪ್ರಾಣಿ ಮಾರುಕಟ್ಟೆಗಳಿಗೆ. ಅಲ್ಲಿ ಅವುಗಳ ಹೆಸರು ‘ವಿದ್ಯುತ್ ನೀಲಿ ಹಲ್ಲಿ’.

ಈ ಹಲ್ಲಿಯ ಕಷ್ಟಕ್ಕೆ ಮಾರುಕಟ್ಟೆಯೊಂದೇ ಕಾರಣ ಎಂದರೆ ಅದು ಅಪ್ರಾಮಾಣಿಕತೆಯಾದೀತು. ಕಾಡಿಗೆ ಬೀಳುವ ಬೆಂಕಿ, ಮರಗಳ್ಳತನ, ಸೆಡ್ರೆಲಾ ಎಂಬ ಪರದೇಶದ ಮರದ ಹಬ್ಬುವಿಕೆ, ಇವೂ ಕಿಂಬೋಜಾವನ್ನು ಕೊರೆಯುತ್ತಿವೆ. ಸಹಜ ಕಾಡಿನ ಜಾಗದಲ್ಲಿ ಅಕೇಶಿಯಾ ನೆಡುತೋಪು ಎದ್ದುನಿಂತುದನ್ನು ಕಂಡ ಮಲೆನಾಡಿಗರಿಗೆ ಈ ಕಥೆ ಹೊಸದಲ್ಲ. ಆದರೆ ಮೊದಲೇ ಸೊರಗುತ್ತಿರುವ ಕಾಡಿನಿಂದ ಮರ ಕಡಿದು ಹಲ್ಲಿ ಹಿಡಿಯುವುದೆಂದರೆ, ಬಸಿಯುತ್ತಿರುವ ಕೊಡಕ್ಕೆ ಇನ್ನೊಂದು ತೂತು ಕೊರೆದ ಹಾಗೆ. 2012ರಲ್ಲಿ ಈ ಹಲ್ಲಿಯನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಕೆಂಪುಪಟ್ಟಿಗೆ ಸೇರಿಸಲಾಯಿತು.

29 ಗುಂಟೆ ಗಾಜು

ಈಗ ಅಳತೆಯ ಪ್ರಶ್ನೆಗೆ ಮರಳೋಣ. ಈ ನೀಲಿ ಹಲ್ಲಿಗೆ ಸಾಕುವವರ ಕೈಪಿಡಿ ಹೇಳುವ ‘ಸರಿಯಾದ’ ಗೂಡಿನ ನೆಲ 30 ಸೆಂ.ಮೀ. ಚದರ. ಕಾಡಿನಿಂದ ಹೊತ್ತೊಯ್ದ ಹಲ್ಲಿಗಳ ಪೈಕಿ ಒಂದೂ ಸಾಯದೆ, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಕೈಪಿಡಿಯ ಪ್ರಕಾರವೇ ಒಂದೊಂದು ಗೂಡು ಸಿಕ್ಕಿತೆಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಕನಿಷ್ಠ ಅಂದಾಜಾದ 32,310 ಹಲ್ಲಿಗಳಿಗೆ ಬೇಕಾಗುವ ಒಟ್ಟು ನೆಲ ಸುಮಾರು 2,908 ಚದರ ಮೀಟರ್. ಅಂದರೆ 29 ಗುಂಟೆ. ಸಾವಿರ ಎಕರೆಯ ಕಾಡಿನ ಹಲ್ಲಿಸಂಪತ್ತಿನ ಏಳನೆಯ ಒಂದು ಪಾಲು, ಮುಕ್ಕಾಲು ಎಕರೆಯೂ ತುಂಬದ ಗಾಜಿನೊಳಗೆ!

ಮರುಕವುಳ್ಳ ಸಾಕಣೆದಾರರು ಗೂಡಿನ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆನ್ನೋಣ. ಆಗ ನೆಲ ನಾಲ್ಕು ಪಟ್ಟಾಗಿ ಮೂರು ಎಕರೆಯ ಹತ್ತಿರ ಬರುತ್ತದೆ. ಹಲ್ಲಿಗೆ ನಿಜವಾಗಿ ಸ್ವಲ್ಪ ಸುಖವಾಗುತ್ತದೆ. ಕಿಂಬೋಜಾದಲ್ಲಿ ಉರುಳಿದ ಕೇದಗೆ ಮರಗಳಲ್ಲಿ ಒಂದಾದರೂ ಮತ್ತೆ ನಿಲ್ಲುತ್ತದೆಯೇ? ಗೂಡನ್ನು ಹತ್ತು ಪಟ್ಟು ಹಿಗ್ಗಿಸಿದರೂ ಕಾಡಿಗೆ ಒಂದು ಗೇಣೂ ಮರಳುವುದಿಲ್ಲ. ಗೂಡಿನ ಅಳತೆ ಹಲ್ಲಿಯೊಂದರ ಯೋಗಕ್ಷೇಮದ ಪ್ರಶ್ನೆ. ಹಲ್ಲಿಯ ಕುಲದ ಪ್ರಶ್ನೆಗೆ ಅದು ಉತ್ತರವಾಗಲಾರದು. ಆದರೆ ಮಾರುಕಟ್ಟೆ ಬಹು ಜಾಣತನದಿಂದ ಮೊದಲನೆಯ ಪ್ರಶ್ನೆಯನ್ನು ಎರಡನೆಯದರ ಜಾಗದಲ್ಲಿ ತಂದು ಕೂರಿಸಿದೆ. ದೊಡ್ಡ ಗೂಡು ಕೊಂಡವನಿಗೆ ತಾನೊಬ್ಬ ಪ್ರಾಣಿದಯಾಪರನೆಂಬ ಸಮಾಧಾನ. ಮಾರಿದವನಿಗೆ ದೊಡ್ಡ ಗೂಡಿನ ದೊಡ್ಡ ಬೆಲೆ. ನಷ್ಟದ ಬಾಬತ್ತು ಮಾತ್ರ ಇಬ್ಬರ ಲೆಕ್ಕದಲ್ಲಿಯೂ ಬರುವುದಿಲ್ಲ. ಕೊಳ್ಳುಬಾಕತನಕ್ಕೆ ಆತ್ಮಸಾಕ್ಷಿಯ ಲೇಪ ಹಚ್ಚುವ ವಿದ್ಯೆ ಇದು.

‘ಸಾಕಣೆಯಲ್ಲೇ ಹುಟ್ಟಿದ್ದು’ ಎಂಬ ಚೀಟಿ

ಇದಕ್ಕೆ ಸಾಕಣೆದಾರರ ಕಡೆಯಿಂದ ಬರುವ ಉತ್ತರ ಹಗುರವಾದುದಲ್ಲ. ಇಂದು ಮಾರಾಟವಾಗುವ ಹಲ್ಲಿಗಳಲ್ಲಿ ಬಹಳಷ್ಟು ಗೂಡಿನಲ್ಲೇ ಹುಟ್ಟಿದವು, ಕಾಡಿಗೂ ಅವಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಕೆಲವು ಜಾತಿಗಳ ಮಟ್ಟಿಗೆ ಇದು ನಿಜ. ಅಳಿದೇಹೋಯಿತೆಂದು ಭಾವಿಸಿದ್ದ ಜುಟ್ಟುಹಲ್ಲಿ 1994ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಮತ್ತೆ ಕಾಣಿಸಿತು. ಆ ಕಾಲದಲ್ಲಿ ಹಿಡಿದ ಕೆಲವೇ ಹಲ್ಲಿಗಳ ಸಂತತಿಯಿಂದಲೇ ಇಂದಿನ ಸಾಕುಜುಟ್ಟುಹಲ್ಲಿಗಳ ಜನಸಂಖ್ಯೆ ಬೆಳೆದುಬಂದಿದೆ. ಚಿರತೆಹಲ್ಲಿಯೂ ತಲೆಮಾರುಗಳಿಂದ ಗೂಡಿನಲ್ಲಿ ಮರಿಮಾಡುತ್ತ ಬಂದಿದೆ. ಇದನ್ನು ಅಲ್ಲಗಳೆದರೆ ಪರಿಸರವಾದಿಗಳ ವಾದವೇ ಸಡಿಲವಾಗುತ್ತದೆ.

ಆದರೆ ಈ ವಾದಕ್ಕೆ ಒಂದು ಮಿತಿಯಿದೆ. ಹೆಚ್ಚಿನ ಹಲ್ಲಿಗಳು ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ಗೂಡಿನಲ್ಲಿ ಮೊಟ್ಟೆಯಿಡಿಸಿ, ಮರಿ ಬೆಳೆಸಿ, ಮಾರಲು ಕೂಲಿ, ಕರೆಂಟು, ಸಮಯ ಎಲ್ಲವೂ ಬೇಕು. ಬಡ ಹಳ್ಳಿಯವನೊಬ್ಬನಿಗೆ ಪುಡಿಗಾಸು ಕೊಟ್ಟು ಕಾಡಿನಿಂದ ತರಿಸುವುದು ಇದಕ್ಕಿಂತ ಅಗ್ಗವಾಗಿರುವವರೆಗೆ, ಕಾಡಿನ ಹಲ್ಲಿಗೆ ‘ಸಾಕಣೆಯಲ್ಲೇ ಹುಟ್ಟಿದ್ದು’ ಎಂಬ ಚೀಟಿ ಅಂಟಿಸುವ ಆಸೆ ವ್ಯಾಪಾರಿಗೆ ಇದ್ದೇ ಇರುತ್ತದೆ. ಗಾಜಿನ ಹೊರಗೆ ನಿಂತು ನೋಡುವವನಿಗೆ ಎರಡರ ನಡುವೆ ವ್ಯತ್ಯಾಸ ತಿಳಿಯದು. ಮೊಟ್ಟಮೊದಲ ತಾಯಿಹಲ್ಲಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಂತೂ ಯಾವ ಚೀಟಿಯಲ್ಲಿಯೂ ಇರುವುದಿಲ್ಲ. ಇನ್ನು ಹೊಸತನದ ಹಸಿವು ಬೇರೆ. ಚಿರತೆಹಲ್ಲಿ ಸಾಮಾನ್ಯವಾದೊಡನೆ ಇನ್ನೂ ಅಪರೂಪದ್ದು, ಇನ್ನೂ ಬಣ್ಣದ್ದು, ಬೇರೆಯವರ ಬಳಿ ಇಲ್ಲದ್ದು ಬೇಕೆನಿಸುತ್ತದೆ. ಅಪರೂಪದ್ದಕ್ಕೆ ಬೆಲೆ ಹೆಚ್ಚು; ಬೆಲೆ ಹೆಚ್ಚಿದಂತೆಲ್ಲ ಅದು ಇನ್ನಷ್ಟು ಅಪರೂಪವಾಗುತ್ತದೆ. ಅಳಿವಿನ ಅರ್ಥಶಾಸ್ತ್ರ ಇಷ್ಟು ಸರಳ.

ಕಾನೂನು ಬಂದದ್ದು ಯಾವಾಗ? ವಿನಾಶದಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಡಂಬಡಿಕೆಯ ಸಮ್ಮೇಳನ 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದಾಗ ಕಿಂಬೋಜಾದ ನೀಲಿ ಹಲ್ಲಿಯನ್ನು ಅತಿ ಕಟ್ಟುನಿಟ್ಟಿನ ಒಂದನೆಯ ಅನುಬಂಧಕ್ಕೆ ಸೇರಿಸಲಾಯಿತು. ದೊಡ್ಡ ಲೂಟಿ ನಡೆದು ಏಳು ವರ್ಷಗಳ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಅದೇ ಸಮ್ಮೇಳನದಲ್ಲಿ ಅದೇ ಅನುಬಂಧಕ್ಕೆ ಸೇರಿದ ಇನ್ನೊಂದು ಹಲ್ಲಿ ವಿಯೆಟ್ನಾಮಿನ ಹೋನ್ ಖೋಯ್ ದ್ವೀಪದ ಬಣ್ಣಬಣ್ಣದ ಬಂಡೆಹಲ್ಲಿ. ಅದಕ್ಕೆ ನೆಮಾಸ್ಪಿಸ್ ಸೈಕೆಡೆಲಿಕಾ ಎಂಬ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2010ರಲ್ಲಿ. ಹೆಸರಿಟ್ಟು ಆರು ವರ್ಷ ಕಳೆಯುವುದರೊಳಗೆ ರಕ್ಷಣೆಯ ಗೋಡೆ ಕಟ್ಟಬೇಕಾಗಿ ಬಂತು.

ಸಹ್ಯಾದ್ರಿಯ ಬಂಡೆಗಳ ಮೇಲೆ

ನೆಮಾಸ್ಪಿಸ್ ಎಂಬ ಹೆಸರು ಇಲ್ಲಿ ಕಿವಿ ನಿಮಿರಿಸಬೇಕು. ಇದೇ ಕುಲದ ಹೆಸರನ್ನು ಹೊತ್ತ ಹಲ್ಲಿಗಳು ಸಹ್ಯಾದ್ರಿಯ ಉದ್ದಕ್ಕೂ ಇವೆ. ಗೋಡೆಯ ಹಲ್ಲಿಗೆ ಕಣ್ಣಪಾಪೆ ಸೀಳಿನಂತಿದ್ದರೆ ಇವಕ್ಕೆ ಗುಂಡಗಿನ ಪಾಪೆ. ಹೊಳೆಯಂಚಿನ ಬಂಡೆ, ಕಲ್ಲುಗವಿಯ ಬಾಯಿ, ಹಾವಸೆ ಹಿಡಿದ ಮರದ ಬೊಡ್ಡೆ, ಪಾಳುಬಿದ್ದ ಗುಡಿಯ ಗೋಡೆ ಇವುಗಳ ನೆಲೆ. ಹಲವು ಜಾತಿಗಳ ಬದುಕು ಒಂದೆರಡು ಬೆಟ್ಟಗಳಿಗೆ ಮಾತ್ರ ಸೀಮಿತ. ಪಕ್ಕದ ಬೆಟ್ಟದಲ್ಲಿ ಬೇರೆಯೇ ಜಾತಿ. 2002ರಲ್ಲಿ ಪ್ರಕಟವಾದ ಒಂದೇ ವೈಜ್ಞಾನಿಕ ಲೇಖನ ಉತ್ತರ ಕನ್ನಡದ ಗುಂದದಿಂದ ಎರಡು ಹೊಸ ಜಾತಿಗಳನ್ನು ಲೋಕಕ್ಕೆ ಪರಿಚಯಿಸಿತು: ನೆಮಾಸ್ಪಿಸ್ ಹೆಟೆರೋಫೋಲಿಸ್ ಮತ್ತು ನೆಮಾಸ್ಪಿಸ್ ಇಂದ್ರನೀಲ್‌ದಾಸಿ. ಆ ಬಳಿಕ ಪಶ್ಚಿಮಘಟ್ಟದುದ್ದಕ್ಕೂ ಈ ಗುಂಪಿನ ಹತ್ತಾರು ಹೊಸ ಜಾತಿಗಳು ಬೆಳಕಿಗೆ ಬಂದಿವೆ. ಕೆಲವು ಜಾತಿಗಳ ಗಂಡಿನ ಗಂಟಲೂ ಹೊಟ್ಟೆಯೂ ಅಪ್ಪಟ ಹಳದಿ.

ವಿಜ್ಞಾನಕ್ಕೆ ಇದು ಸಂಭ್ರಮದ ಕಾಲ. ಆದರೆ ವೈಜ್ಞಾನಿಕ ವಿವರಣೆಯಲ್ಲಿ ಜೀವಿ ಸಿಕ್ಕ ಜಾಗದ ಅಕ್ಷಾಂಶ ರೇಖಾಂಶಗಳೂ ಅಚ್ಚಾಗುವುದು ವಾಡಿಕೆ. ಚೀನದ ದಕ್ಷಿಣದ ಸುಣ್ಣಕಲ್ಲು ಬೆಟ್ಟಗಳಿಂದ 1999ರಲ್ಲಿ ವಿವರಿಸಲ್ಪಟ್ಟ ಗೋನಿಯುರೋಸಾರಸ್ ಲುಯಿ ಎಂಬ ಗವಿಹಲ್ಲಿಗೆ ಇದೇ ಮುಳುವಾಯಿತು. ಸಂಗ್ರಹಕಾರರು ವೈಜ್ಞಾನಿಕ ಲೇಖನವನ್ನೇ ದಾರಿಯ ನಕ್ಷೆಯನ್ನಾಗಿ ಮಾಡಿಕೊಂಡರು. ಮೂಲನೆಲೆಯಲ್ಲಿ ಆ ಹಲ್ಲಿ ಬಹುತೇಕ ಬರಿದಾಯಿತು. 2006ರಲ್ಲಿ ಉರಗತಜ್ಞರೇ ‘ಸೈನ್ಸ್’ ಪತ್ರಿಕೆಯಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿದರು. ಅಂದಿನಿಂದ ಅಪಾಯದಲ್ಲಿರುವ ಜಾತಿಗಳ ನಿಖರ ನೆಲೆಯನ್ನು ಬಹಿರಂಗಪಡಿಸದಿರುವ ಸಂಶೋಧಕರ ಸಂಖ್ಯೆ ಹೆಚ್ಚುತ್ತಿದೆ. ಸಹ್ಯಾದ್ರಿಯ ಮಟ್ಟಿಗೂ ಇದು ವಿನಯದ ಪ್ರಶ್ನೆ: ಜೀವಿಯ ಹೆಸರು ಲೋಕಕ್ಕೆ ತಿಳಿಯಲಿ, ಅದರ ಬಂಡೆಯ ವಿಳಾಸ ತಿಳಿಯಬೇಕಿಲ್ಲ.

ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ವನ್ಯಜೀವಿಯನ್ನು ಹಿಡಿಯುವಂತಿಲ್ಲವೆಂಬ ಕಾನೂನಿದೆ. ಆದರೆ ಈ ಹಲ್ಲಿಗಳು ಅಭಯಾರಣ್ಯದ ಗಡಿಗಲ್ಲನ್ನು ಓದಿ ವಾಸಿಸುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ, ದೇವರಕಾಡಿನಲ್ಲಿ, ಅಡಿಕೆ ತೋಟದ ಮೇಲಿನ ಧರೆಯಲ್ಲಿ ಇವು ಇವೆ. ಅಲ್ಲಿ ಅರಣ್ಯ ರಕ್ಷಕನ ಕಣ್ಣಿಲ್ಲ. ಊರವರ ಕಣ್ಣು ಮಾತ್ರ ಇದೆ.

ಮಾಡಬೇಕಾದದ್ದು

ಈಗಾಗಲೇ ಮನೆಯಲ್ಲಿ ಹಲ್ಲಿ ಸಾಕಿರುವವರ ಹೊಣೆ ಮೊದಲು. ಗೂಡು ಕಿರಿದಾಗಿದ್ದರೆ ಹಿರಿದು ಮಾಡಿಸಲಿ. ನೆಲವಾಸಿಗೆ ನೆಲ, ಮರವಾಸಿಗೆ ಎತ್ತರ ಕೊಡಲಿ. ಎರಡು ಗಂಡುಗಳನ್ನು ಒಂದೇ ಗೂಡಿಗೆ ಹಾಕದಿರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ನಾಲ್ಕನೆಯ ಅನುಸೂಚಿಯನ್ನು ಸೇರಿಸಿದೆ. ಆ ಅನುಸೂಚಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಿಕೊಳ್ಳಬೇಕೆಂಬ ನಿಯಮಗಳು 2024ರಲ್ಲಿ ಬಂದಿವೆ. ಹಲ್ಲಿ ಬೇಡವಾಯಿತೆಂದು ಅದನ್ನು ತಂದು ಘಟ್ಟದ ಕಾಡಿನಲ್ಲಿ ಬಿಡುವುದು ಕರುಣೆಯಲ್ಲ. ಪರದೇಶದ ಪ್ರಾಣಿಯೊಂದಿಗೆ ಪರದೇಶದ ರೋಗವೂ ಬರಬಹುದು. ಲಂಟಾನ, ಯುಪಟೋರಿಯಂಗಳ ಅನುಭವವಾದ ಮೇಲೂ ಈ ಪಾಠವನ್ನು ಮತ್ತೆ ಕಲಿಯಬೇಕೇ?

ಹೊಸದಾಗಿ ಕೊಳ್ಳಲು ಹೊರಟವರು ಅಳತೆಯ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಲಿ: ಇದರ ತಾಯಿ ಯಾವ ಕಾಡಿನದು? ಅಂಗಡಿಯವನಿಂದ ನೇರ ಉತ್ತರ ಬಾರದಿದ್ದರೆ ಗೂಡನ್ನೂ ಕೊಳ್ಳದೆ ಹಿಂದಿರುಗುವುದೇ ಸರಿಯಾದ ಅಳತೆ.

ಮಲೆನಾಡಿನ ಗ್ರಾಮಗಳಿಗೆ ಒಂದು ಉಪಕರಣ ಈಗಾಗಲೇ ಕೈಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಅಪ್ಪೆಮಿಡಿಯನ್ನು, ಜೇನನ್ನು, ಔಷಧಿಸಸ್ಯಗಳನ್ನು ಬರೆಯುವಂತೆ ಬಂಡೆಹಲ್ಲಿಗಳನ್ನೂ ಬರೆಯಬೇಕು. ಇಂಥ ಜೀವಿ ಈ ಊರಿನಲ್ಲಿದೆ ಎಂದಷ್ಟೇ ದಾಖಲಾಗಲಿ. ಯಾವ ಬಂಡೆ ಎಂಬುದು ಊರವರ ನೆನಪಿನಲ್ಲಿರಲಿ. ಟಾರ್ಚು ಹಿಡಿದು, ಸಣ್ಣ ಡಬ್ಬಿಗಳನ್ನು ಹೊತ್ತು ಬೆಟ್ಟ ಸುತ್ತುವ ಅಪರಿಚಿತರನ್ನು ‘ಯಾವ ಊರು, ಏನು ಕೆಲಸ, ಅನುಮತಿಪತ್ರ ಎಲ್ಲಿ’ ಎಂದು ಕೇಳುವ ಹಕ್ಕೂ ಹೊಣೆಯೂ ಊರವರಿಗಿದೆ. ಪುಡಿಗಾಸಿನ ಆಮಿಷಕ್ಕೆ ಹುಡುಗರು ಬಲಿಯಾಗದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ.

ಇನ್ನು ಮಕ್ಕಳಿಗೆ ಹಲ್ಲಿ ನೋಡುವ ಆಸೆಯಿದ್ದರೆ ಅದಕ್ಕೆ ಗಾಜು ಬೇಕಿಲ್ಲ. ಸಂಜೆ ಜಗಲಿಯ ದೀಪ ಹೊತ್ತಿದೊಡನೆ ಪತಂಗಗಳು ಬರುತ್ತವೆ, ಅವುಗಳ ಹಿಂದೆಯೇ ಹಲ್ಲಿಯೂ ಬರುತ್ತದೆ. ಯಾವ ಹಲ್ಲಿ ದೀಪದ ಹತ್ತಿರದ ಜಾಗ ಹಿಡಿಯುತ್ತದೆ, ಯಾವುದನ್ನು ಓಡಿಸುತ್ತದೆ, ಬಾಲ ಕಳೆದುಕೊಂಡದ್ದಕ್ಕೆ ಎಷ್ಟು ದಿನಕ್ಕೆ ಹೊಸ ಬಾಲ ಬರುತ್ತದೆ, ಇವನ್ನೆಲ್ಲ ಒಂದು ನೋಟ್‌ಬುಕ್ಕು ಪೆನ್ಸಿಲ್ಲಿನಿಂದ ಮಳೆಗಾಲವಿಡೀ ಬರೆದಿಡಬಹುದು. ಶಾಲೆಗಳು ಇದನ್ನೊಂದು ಪಾಠವಾಗಿಯೇ ಕೈಗೆತ್ತಿಕೊಂಡರೆ, ಗಾಜಿನ ಗೂಡು ಕೊಡಲಾರದ ಜ್ಞಾನ ಖರ್ಚಿಲ್ಲದೆ ಸಿಗುತ್ತದೆ.

ಮಲೆನಾಡಿನ ಮನೆಗೆ ಅಪರಿಚಿತರು ಬಂದರೆ ಕೈಗೆ ನೀರು ಕೊಟ್ಟ ಮೇಲೆ ಕೇಳುವ ಮೊದಲ ಮಾತು ‘ಯಾವ ಊರಾಯಿತು?’ ಎಂದು. ಎಲ್ಲಿ ಮಲಗಿಸಬೇಕು, ಎಷ್ಟು ದೊಡ್ಡ ಹಾಸಿಗೆ ಎಂಬುದೆಲ್ಲ ಆಮೇಲಿನ ವಿಚಾರ. ಹಲ್ಲಿಯ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಗೂಡಿನ ಅಳತೆ ಕೇಳುವ ಮೊದಲು ಹಲ್ಲಿಯ ಊರು ಕೇಳಬೇಕು.